ಮೊದಲು ಎತ್ತುವ ಗಾಳಿ

ಇಳಿಯುವ ವಿಮಾನಕ್ಕೆ ಎದುರುಗಾಳಿ ನೆಂಟನಿದ್ದಂತೆ. ರೆಕ್ಕೆಗೆ ಆಸರೆ ಕೊಡುತ್ತದೆ, ರನ್‌ವೇ ಮೇಲಿನ ಓಟವನ್ನು ಮೊಟಕು ಮಾಡುತ್ತದೆ. ಕೇಡು ಬರುವುದೂ ಈ ನೆಂಟನ ವೇಷದಲ್ಲೇ.

ಗುಡುಗುಮೋಡದಡಿ ಮಳೆಹನಿ ಆವಿಯಾಗುವಾಗ ಸುತ್ತಲಿನ ಗಾಳಿ ತಣ್ಣಗಾಗಿ ಭಾರವಾಗುತ್ತದೆ. ಅದು ಕುಸಿದು ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ಚೆಲ್ಲಿದರೆ ಅದೇ ಮೈಕ್ರೋಬರ್ಸ್ಟ್. ಒಣಹವೆಯ ಊರುಗಳಲ್ಲಿ ಹನಿ ನೆಲ ಮುಟ್ಟುವುದೇ ಇಲ್ಲ, ಕೆಳಗೆ ದೂಳೆದ್ದಾಗಲೇ ಗೊತ್ತಾಗುವುದು. ಇಂಥದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಸಿಗುವುದು ಎದುರುಗಾಳಿ. ವೇಗದ ಮುಳ್ಳು ಏರುತ್ತದೆ, ವಿಮಾನ ಹಾದಿ ಬಿಟ್ಟು ಮೇಲೇಳುತ್ತದೆ. ಪೈಲಟ್ ಎಂಜಿನ್ ತಗ್ಗಿಸುತ್ತಾರೆ. ಯಾರೇ ಆದರೂ ಹಾಗೇ ಮಾಡಿಯಾರು. ಮರುಗಳಿಗೆಗೆ ಗಾಳಿ ಮೇಲಿನಿಂದ ಅದುಮುತ್ತದೆ, ಆಮೇಲೆ ಬೆನ್ನಹಿಂದಿನಿಂದ ನುಗ್ಗುತ್ತದೆ. ರೆಕ್ಕೆಗೆ ಆಸರೆ ಬೇಕಾದ ಹೊತ್ತಿಗೇ ಅದು ಇರುವುದಿಲ್ಲ.

ಇದನ್ನು ಬಿಡಿಸಿ ಹೇಳಿದವರು ಶಿಕಾಗೊ ವಿಶ್ವವಿದ್ಯಾಲಯದ ಟೆಡ್ ಫುಜಿತಾ. ಬಾಂಬು ಬಿದ್ದ ನಾಗಾಸಾಕಿಯಲ್ಲಿ ಮರಗಳು ಒಂದು ಕೇಂದ್ರದಿಂದ ಹೊರಮುಖವಾಗಿ ಉರುಳಿದ್ದನ್ನು ಅವರು 1945ರಲ್ಲಿ ಕಂಡಿದ್ದರು. 1974ರ ಸುಂಟರಗಾಳಿಗಳ ಹಾನಿಯನ್ನು ಆಕಾಶದಿಂದ ನೋಡುತ್ತಿದ್ದಾಗ ಅದೇ ವಿನ್ಯಾಸ ಮತ್ತೆ ಕಣ್ಣಿಗೆ ಬಿತ್ತು. ಮರುವರ್ಷ ನ್ಯೂಯಾರ್ಕಿನಲ್ಲಿ ಈಸ್ಟರ್ನ್ ಸಂಸ್ಥೆಯ ವಿಮಾನ ಇಳಿಯುವಾಗ ಬಿದ್ದು 100ಕ್ಕೂ ಹೆಚ್ಚು ಜನ ಸತ್ತರು. ಫುಜಿತಾ ಬೆರಳು ತೋರಿಸಿದ್ದು ಗಾಳಿಯ ಕಡೆಗೆ. ಹವಾವಿಜ್ಞಾನಿಗಳಲ್ಲಿ ಅನೇಕರು ನಂಬಲಿಲ್ಲ. 1978ರಲ್ಲಿ ಶಿಕಾಗೊ ಸಮೀಪ ಡಾಪ್ಲರ್ ರೇಡಾರ್ ಸಾಕ್ಷಿ ನುಡಿಯಿತು. 1985ರಲ್ಲಿ ಡಾಲಸ್‌ನಲ್ಲಿ ಡೆಲ್ಟಾ ವಿಮಾನ ಬಿದ್ದ ಮೇಲೆ ಅಮೆರಿಕದಲ್ಲಿ ಪ್ರಯಾಣಿಕ ಜೆಟ್‌ಗಳಿಗೆ ಎಚ್ಚರಿಕೆಯ ಸಾಧನ ಕಡ್ಡಾಯವಾಯಿತು.

ಆ ಕಡ್ಡಾಯ ಪುಟ್ಟ ವಿಮಾನಗಳವರೆಗೆ ಇಳಿದು ಬರಲಿಲ್ಲ. ನಾಲ್ಕು ಸೀಟಿನ ಸೆಸ್ನಾ 172 ಇಳಿಯಲು ಬರುವುದು ಸುಮಾರು 65 ನಾಟ್ ವೇಗದಲ್ಲಿ. 40ರ ಆಸುಪಾಸಿಗೆ ಕುಸಿದರೆ ರೆಕ್ಕೆ ಕೈಬಿಡುತ್ತದೆ. ನಡುವಿನ ಆ 25 ನಾಟ್‌ಗಳೇ ಅದರ ಬಂಡವಾಳ. ಬಲವಾದ ಮೈಕ್ರೋಬರ್ಸ್ಟ್ ಅದನ್ನು ಒಂದೇ ಏಟಿಗೆ ನುಂಗಬಲ್ಲದು. ಸೆಸ್ನಾದ ಎಂಜಿನ್ ಥ್ರಾಟಲ್ಲಿಗೆ ಥಟ್ಟನೆ ಓಗೊಡುತ್ತದೆ, ನಿಜ. ಆದರೆ ಪೂರ್ತಿ ಶಕ್ತಿ ಕೊಟ್ಟರೂ ನಿಮಿಷಕ್ಕೆ ಏರುವುದು ಹೆಚ್ಚುಕಡಿಮೆ 700 ಅಡಿ. ಕೆಳಕ್ಕೆ ಧುಮುಕುವ ಗಾಳಿ 6,000 ಅಡಿಯವರೆಗೂ ಹೋದೀತು. ಗಾಳಿ ಬಿಟ್ಟು ಬಿಟ್ಟು ಬೀಸುವಾಗ ಅದರ ಏರಿಳಿತದ ಅರ್ಧದಷ್ಟನ್ನು ಇಳಿಯುವ ವೇಗಕ್ಕೆ ಕೂಡಿಸಬೇಕೆಂದು ಶಿಕ್ಷಕರು ಹೇಳಿಕೊಡುತ್ತಾರೆ. ದಿನನಿತ್ಯದ ಗಾಳಿಗೆ ಈ ಲೆಕ್ಕ ಸಾಕು. ಇಲ್ಲಿ ಅದನ್ನು ನಂಬಿ ಮುಂದುವರಿಯುವುದು ಹುಂಬತನ.

ಚಿಕ್ಕ ಮೈದಾನಗಳಲ್ಲಿ ಹೆಚ್ಚಾಗಿ ಇರುವುದು ಗಾಳಿಚೀಲವೊಂದೇ. ಅದು ತಾನಿರುವ ಮೂಲೆಯ ಗಾಳಿಯನ್ನಷ್ಟೇ ಹೇಳುತ್ತದೆ. ಹಾಗಾಗಿ ಮೋಡ ಕಂಡಾಗಲೇ ದೂರ ಸರಿದು ಸುತ್ತು ಹಾಕುತ್ತಿರುವುದು ಲೇಸು. ಮೈಕ್ರೋಬರ್ಸ್ಟಿನ ಆಯುಸ್ಸು ಸಾಮಾನ್ಯವಾಗಿ ಹದಿನೈದು ನಿಮಿಷದೊಳಗೆ. ಹಗಲಿನಲ್ಲಿ ಕಣ್ಣಳತೆಯಲ್ಲಿ ಹಾರುವವರು ಅರ್ಧ ಗಂಟೆಯ ಇಂಧನ ಹೆಚ್ಚಿಗೆ ಇಟ್ಟುಕೊಳ್ಳಬೇಕೆಂಬುದು ಅಮೆರಿಕದ ನಿಯಮ. ಆ ಇಂಧನದಲ್ಲಿ ಕಾದು ಇಳಿಯಬಹುದು, ಅದೇ ಮೋಡ ಇನ್ನೊಂದನ್ನು ಕೆಡವದಿದ್ದರೆ.