ಉಣುಗಿಗೆ ಮದ್ದು ಬಟ್ಟೆಯಲ್ಲೇ ಇರಲಿ

ಉಣುಗು ಹಬ್ಬಿಸುವ ಮಂಗನ ಕಾಯಿಲೆಯ ಸೀಮೆಯಲ್ಲಿ ದರಗು (ಒಣ ಎಲೆ) ಗುಡಿಸಲು ಸೊಪ್ಪಿನಬೆಟ್ಟಕ್ಕೆ ಹೋಗುವವರಿಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಹಾಕಿದ ಬಟ್ಟೆ ಕೊಡಿ ಎಂದಾಗಲೆಲ್ಲ ಕೇಳಿಬರುವ ಮೊದಲ ಮಾತು, ‘ಮೈಗೆ ವಿಷ ಹೊದಿಸುತ್ತೀರಾ?’ ಎಂಬುದು. ಇದೇ ಪರ್ಮೆಥ್ರಿನ್ನಿನ ಶೇ. 5ರ ಮುಲಾಮನ್ನು ಕಜ್ಜಿಗೆಂದು ವೈದ್ಯರೇ ಬರೆದುಕೊಡುತ್ತಾರೆ. ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ ರಾತ್ರಿಯಿಡೀ ಬಿಡುತ್ತೇವೆ. ಬಟ್ಟೆಗೆ ಸಿಂಪಡಿಸುವ ದ್ರಾವಣ ಶೇ. 0.5ರದ್ದು. ಒಣಗಿದ ಮೇಲೆ ಅದು ನೂಲಿಗೆ ಅಂಟಿಕೊಳ್ಳುತ್ತದೆ, ಚರ್ಮದೊಳಗೆ ಇಳಿಯುವುದು ತೀರಾ ಅಲ್ಪ.

‘ಡೆಪಾ ಎಣ್ಣೆ ಹಂಚುತ್ತಿದ್ದಾರಲ್ಲ, ಸಾಲದೇ?’ ಸಾಲದು. ಎಣ್ಣೆ ಬೇಕು, ಕೈಕಾಲಿಗೆ ಹಚ್ಚಲೇಬೇಕು. ಆದರೆ ಅದು ಉಣುಗನ್ನು ದೂರವಿಡುತ್ತದೆ ಅಷ್ಟೇ, ಅದೂ ಕೆಲವು ತಾಸು. ಬೆಳಿಗ್ಗೆ ಹಚ್ಚಿದ್ದು ಬಿಸಿಲೇರುವ ಹೊತ್ತಿಗೆ ಬೆವರಿನಲ್ಲಿ ಹೋಗಿರುತ್ತದೆ. ತಲೆಯ ಮೇಲೆ ಹೊರೆ ಇದ್ದವರು ಮತ್ತೆ ಹಚ್ಚುವುದೆಂತು? ಬಟ್ಟೆಯ ಮದ್ದು ಬೇರೆ ರೀತಿ ಕೆಲಸ ಮಾಡುತ್ತದೆ. ದರಗಿನಿಂದ ಉಣುಗು ಲುಂಗಿಯ ಅಂಚು ಹಿಡಿದು ಮೇಲೇರುತ್ತದೆ. ನೂಲು ಸೋಕಿದ ಕಾಲಿನಿಂದಲೇ ಮದ್ದು ಅದರ ನರಕ್ಕೆ ಹತ್ತುತ್ತದೆ. ಅದು ಚಡಪಡಿಸುತ್ತದೆ, ಹಿಡಿತ ತಪ್ಪಿ ಉದುರುತ್ತದೆ, ಹೆಚ್ಚು ಹೊತ್ತು ಸಿಕ್ಕಿಕೊಂಡರೆ ಸಾಯುತ್ತದೆ.

‘ಮನೆಗೆ ಬಂದು ಮೈ ನೋಡಿಕೊಂಡರೆ ಆಯಿತು’ ಎನ್ನುವವರು ಮರಿ ಉಣುಗನ್ನು ಕಂಡಿಲ್ಲ. ಕಾಯಿಲೆ ಹಬ್ಬಿಸುವುದು ಹೆಚ್ಚಾಗಿ ಅದೇ. ಗಸಗಸೆ ಕಾಳಿನಷ್ಟಿರುತ್ತದೆ, ಕಚ್ಚಿದರೂ ನೋಯುವುದಿಲ್ಲ. ನೋಡಿಕೊಳ್ಳಲಿ, ಬಿಸಿನೀರಿನ ಸ್ನಾನವೂ ಆಗಲಿ. ಅದನ್ನೇ ನಂಬಿ ಕೂರುವಂತಿಲ್ಲ.

‘ಸೆಕೆಯಲ್ಲಿ ಪ್ಯಾಂಟು ಯಾರು ಹಾಕುತ್ತಾರೆ?’ ಹಾಕಬೇಕಿಲ್ಲ. ಸೀರೆಯ ಮೇಲೆ ತೊಡುವ ಹಳೇ ಅಂಗಿ, ಲುಂಗಿ, ತಲೆಗೆ ಸುತ್ತುವ ಟವೆಲ್ಲು, ಇವಕ್ಕೇ ಹಾಕಬಹುದು. ಮನೆಯಲ್ಲಿ ಸಿಂಪಡಿಸಿದ್ದು ಐದಾರು ಒಗೆತಕ್ಕೆ ಕಳೆಯುತ್ತದೆ, ನಿಜ. ಕಾರ್ಖಾನೆಯಲ್ಲಿ ಹಾಕಿಸಿದ್ದು ಸುಮಾರು 70 ಒಗೆತದವರೆಗೆ ಬಾಳುತ್ತದೆ. ಕಾಡಿಗೆಂದೇ ಒಂದು ಜೊತೆ ಮೀಸಲಿಟ್ಟರೆ ಒಂದು ಹಂಗಾಮಿಗೆ ಬೇಕಾದಷ್ಟಾಯಿತು.

ನನಗೆ ತೂಕದ್ದೆನಿಸುವುದು ಪರಿಸರದವರ ಆಕ್ಷೇಪ. ಪರ್ಮೆಥ್ರಿನ್ ಮೀನಿಗೆ, ಜೇನಿಗೆ ವಿಷ. ಹಸಿಯಿರುವಾಗ ಬೆಕ್ಕಿಗೂ ಅಪಾಯ. ಹಾಗಾಗಿ ಆ ಬಟ್ಟೆಯನ್ನು ಹಳ್ಳದಲ್ಲಿ ಒಗೆಯಬಾರದು, ಸಿಂಪಡಿಸಿದ್ದನ್ನು ಬೆಕ್ಕು ಸುಳಿಯದ ಕಡೆ ಒಣಗಿಸಬೇಕು. ಇದನ್ನು ಬಟ್ಟೆ ಕೊಡುವವರೇ ಮನೆಮನೆಗೆ ಹೇಳಿಕೊಡಬೇಕು. ಆದರೂ ಕಾಡಿಗೇ ಕೀಟನಾಶಕ ಹೊಡೆಯುವುದಕ್ಕಿಂತ ಒಂದು ಅಂಗಿಗೆ ಹಾಕುವುದರಿಂದ ಆಗುವ ಹಾನಿ ಎಷ್ಟೋ ಕಡಿಮೆ.

ಕೊನೆಯದು, ‘ಲಸಿಕೆ ಬರಲಿ.’ ಖಂಡಿತ ಬರಲಿ. ಕ್ಯಾಸನೂರಿನ ಕಾಡಿನಲ್ಲಿ ಈ ರೋಗ ಗುರುತಾಗಿದ್ದು 1957ರಲ್ಲಿ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡದೆ ನಿಂತುಹೋಗಿದೆ. ದರಗಿನ ಕೆಲಸವಂತೂ ನಿಲ್ಲುವುದಿಲ್ಲ, ಅಡಿಕೆ ತೋಟಕ್ಕೆ ಅದು ಬೇಕು. ಮರಿ ಉಣುಗು ಏಳುವುದು ಮಳೆಗಾಲ ಕಳೆದ ಮೇಲೆ. ಡಿಸೆಂಬರಿಗೆ ಮೊದಲೇ ಬಟ್ಟೆ ಆ ಮನೆಗಳನ್ನು ತಲುಪಿರಬೇಕು.