ಕೊಪ್ಪಳದ ಒತ್ತು ಎಲ್ಲಿ ಹೋಯ್ತು?

ರವಿವಾರ ಪಿಕ್ಸೆಲ್ ಫಾಂಟ್ ಎಡಿಟರ್ ತೆಗೆದು, ಬಸ್ಸಿನ ಎಲ್‌ಇಡಿ ಬೋರ್ಡಿಗೆ ಆಗುವಂಥ 16 ಸಾಲಿನ ಕನ್ನಡ ಅಕ್ಷರ ಮಾಡ್ತಾ ಕೂತಿದ್ದೆ. ಪರೀಕ್ಷೆಗೆ ನಮ್ಮ ಕಡೆಯ ಊರುಗಳೇ. ಮೊದಲು ‘ಗಂಗಾವತಿ’. ಒತ್ತೇ ಇಲ್ಲ, 16 ಸಾಲೂ ತುಂಬಿಸಿದೆ, ಚಂದ ಕಂಡಿತು. ‘ಯಲಬುರ್ಗಾ’ ಬರೆದರೂ ತೊಂದರೆ ಇಲ್ಲ, ಅರ್ಕಾವೊತ್ತು ಪಕ್ಕದಲ್ಲೇ ಕೂರುತ್ತಲ್ಲ. ‘ಕೊಪ್ಪಳ’ ಬರೆದಾಗ ಗೊತ್ತಾಯ್ತು, ಒತ್ತಿಗೆ ಜಾಗವೇ ಇಲ್ಲ! ಹಿಂದೆ ನಿಂತಿದ್ದ ಅವ್ವ, "ಕೊಪಳ ಅಂದ್ರ ಯಾವ ಊರಪಾ?" ಅಂದಳು :-)

ತಪ್ಪು ನನ್ನದೇ. ಎಡಿಟರ್ ಕೊಟ್ಟ ಗೈಡ್‌ಲೈನ್‌ಗಳನ್ನೇ ನಂಬಿದ್ದೆ. ಅವು ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರದ ಎತ್ತರ ಹೇಳುವ ಗೆರೆಗಳು. ಕನ್ನಡದಲ್ಲಿ ಆ ಭೇದವೇ ಇಲ್ಲ. ನಮಗೆ ಬೇಕಾದ್ದು ತಲೆಕಟ್ಟಿನ ಗೆರೆ, ಅಕ್ಷರದ ಬುಡದ ಗೆರೆ, ಒತ್ತಿನ ತಳದ ಗೆರೆ. ಅಳತೆಗೆ ಒತ್ತಿರುವ ಪದವನ್ನೇ ಮೊದಲು ಇಟ್ಟುಕೊಳ್ಳಬೇಕು ಅನ್ನೋದು ನನ್ನ ವಾದ.

ಎಲ್ಲ ಅಳಿಸಿ ಹೊಸದಾಗಿ ಎಳೆದೆ: ತಲೆಕಟ್ಟಿಗೆ 2 ಸಾಲು, ಅಕ್ಷರಕ್ಕೆ 8, ಖಾಲಿ 1, ಒತ್ತಿಗೆ 5. ‘ಗಂಗಾವತಿ’ ಕುಳ್ಳಗಾಯ್ತು, ಆಗಲಿ ಬಿಡಿ. ‘ಕುಷ್ಟಗಿ’ಯ ಒತ್ತು ಸರಿಯಾಗಿ ಕೂತಿದೆ. ‘ಸ್ತ್ರೀ’ ಮಾತ್ರ ಬಾಕಿ... ಒಂದಕ್ಷರಕ್ಕೆ ಎರಡು ಒತ್ತು, ಇರೋದು ಐದೇ ಸಾಲು.