ಕೋಳಿಯ ಮೇವಿನಿಂದ ರೋಗಿಯ ಹಾಸಿಗೆಯವರೆಗೆ

ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು 1945ನೆಯ ಡಿಸೆಂಬರಿನಲ್ಲಿ ನೊಬೆಲ್ ಪಾರಿತೋಷಕದ ಸಂದರ್ಭದಲ್ಲಿ ಮಾಡಿದ ಉಪನ್ಯಾಸದಲ್ಲಿ ಒಂದು ಎಚ್ಚರಿಕೆಯ ಮಾತನ್ನಾಡಿದ್ದರು. ಕೊಲ್ಲಲು ಸಾಲದಷ್ಟು ಅಲ್ಪ ಪ್ರಮಾಣದ ಔಷಧ ತಗಲಿದರೆ ರೋಗಾಣುಗಳು ಸಾಯುವುದಕ್ಕೆ ಬದಲಾಗಿ ಅದನ್ನು ಎದುರಿಸಿ ನಿಲ್ಲುವ ಶಕ್ತಿಯನ್ನು ಪಡೆದುಕೊಳ್ಳುವುವು ಎಂಬುದು ಆ ಮಾತಿನ ಸಾರ. ಐದು ವರ್ಷ ತುಂಬುವುದರೊಳಗೆ, ಆ ಕೆಲಸವನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುವ ಪದ್ಧತಿಯೊಂದು ಅಮೆರಿಕದಲ್ಲಿ ತಲೆಯೆತ್ತಿತು. ಲೆಡರ್ಲಿ ಎಂಬ ಔಷಧ ಸಂಸ್ಥೆಯ ಜೂಕ್ಸ್ ಮತ್ತು ಸ್ಟಾಕ್‌ಸ್ಟಾಡ್ ಎಂಬ ವಿಜ್ಞಾನಿಗಳು ಆರಿಯೋಮೈಸಿನ್ ತಯಾರಿಸಿದ ಮೇಲೆ ಉಳಿದ ಗಸಿಯನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದಾಗ ಅವು ಉಳಿದ ಮರಿಗಳಿಗಿಂತ ಬೇಗ ಕೊಬ್ಬಿದುವು. 1950ರಲ್ಲಿ ಈ ಸುದ್ದಿ ಹೊರಬಿದ್ದುದೇ ತಡ, ರೋಗವಿಲ್ಲದ ಪ್ರಾಣಿಗೂ ಮೇವಿನೊಡನೆ ನಿತ್ಯ ಚಿಟಿಕೆ ಔಷಧವನ್ನು ಬೆರೆಸಿ ಕೊಡುವುದು ಸಾಕಣೆಯವರಿಗೆ ವಾಡಿಕೆಯಾಯಿತು.

ಇದರಿಂದ ಆದುದೇನು? ಕೋಳಿಯ ಕರುಳಿನಲ್ಲಿ ಕೋಟಿಗಟ್ಟಲೆ ಅಣುಜೀವಿಗಳು ಮನೆ ಮಾಡಿಕೊಂಡಿರುತ್ತವೆ. ಔಷಧಕ್ಕೆ ಬಗ್ಗುವವು ಸತ್ತು, ಬಗ್ಗದ ಕೆಲವಕ್ಕೆ ಇಡೀ ಕರುಳೇ ಉಂಬಳಿಯಾಗಿ ದೊರೆಯುತ್ತದೆ. ಕೋಳಿಯನ್ನು ಕೊಯ್ದು ಶುಚಿಮಾಡುವಾಗ ಅವು ಮಾಂಸಕ್ಕೆ ಅಂಟಿಕೊಳ್ಳುತ್ತವೆ. ಮಾಂಸದೊಡನೆ ಅಂಗಡಿಗೂ, ಅಂಗಡಿಯಿಂದ ಅಡುಗೆಮನೆಗೂ ಬರುತ್ತವೆ.

ಇದೆಲ್ಲ ಬರಿಯ ಊಹೆಯೆಂದು ಮೇವಿನ ವ್ಯಾಪಾರಿಗಳು ಬಹುಕಾಲ ವಾದಿಸಿದುದುಂಟು. ಅವರಿಗೆ ಉತ್ತರ ದೊರೆತುದು ಕೆನಡ ದೇಶದ ಕ್ವಿಬೆಕ್ ಪ್ರಾಂತದಲ್ಲಿ. ಅಲ್ಲಿನ ಹ್ಯಾಚರಿಗಳಲ್ಲಿ, ಮರಿಗಳಿಗೆ ಹೊಕ್ಕುಳಿನ ಸೋಂಕು ತಗಲದಿರಲೆಂದು, ಇನ್ನೂ ಒಡೆಯದ ಮೊಟ್ಟೆಗೇ ಸೆಫ್ಟಿಯೋಫರ್ ಎಂಬ ಔಷಧವನ್ನು ಸೂಜಿಯಿಂದ ಚುಚ್ಚುತ್ತಿದ್ದರು. ಈ ಔಷಧವು, ವೈದ್ಯರು ಮಕ್ಕಳಿಗೂ ಗರ್ಭಿಣಿಯರಿಗೂ ಕಠಿಣ ಸೋಂಕುಗಳಲ್ಲಿ ಕೊಡುವ ಸೆಫ್ಟ್ರಿಯಾಕ್ಸೋನಿನ ಒಡಹುಟ್ಟು. ಒಂದಕ್ಕೆ ಬಗ್ಗದ ರೋಗಾಣು ಸಾಮಾನ್ಯವಾಗಿ ಮತ್ತೊಂದಕ್ಕೂ ಬಗ್ಗುವುದಿಲ್ಲ. ಸರ್ಕಾರದ ಪರೀಕ್ಷಕರು ಅಂಗಡಿಗಳಲ್ಲಿ ಸಾಮಾನ್ಯ ಗಿರಾಕಿಗಳಂತೆ ಕೋಳಿಮಾಂಸವನ್ನು ಕೊಂಡುತಂದು ಪರೀಕ್ಷಿಸಿದರು. ಸಾಲ್ಮೊನೆಲ್ಲಾ ಹೈಡೆಲ್‌ಬರ್ಗ್ ಎಂಬ ರೋಗಾಣುವಿನ ಮಾದರಿಗಳಲ್ಲಿ 2004ರಲ್ಲಿ ನೂರಕ್ಕೆ 62 ಈ ಔಷಧಕ್ಕೆ ಮಣಿಯದವಾಗಿದ್ದುವು. (ನೂರು ಕೋಳಿಗಳಲ್ಲಿ 62 ಎಂದಲ್ಲ, ದೊರೆತ ಆ ರೋಗಾಣುಗಳಲ್ಲಿ ಎಂದು ವಾಚಕರು ತಿಳಿಯಬೇಕು.) ಅದೇ ವರ್ಷ ಆ ಪ್ರಾಂತದ ರೋಗಿಗಳಲ್ಲಿ ದೊರೆತ ಅದೇ ರೋಗಾಣುವಿನಲ್ಲಿ ಈ ಪ್ರಮಾಣ ನೂರಕ್ಕೆ 36.

2005ರ ಆರಂಭದಲ್ಲಿ ಹ್ಯಾಚರಿಗಳವರು ತಾವಾಗಿಯೇ ಮೊಟ್ಟೆಗೆ ಚುಚ್ಚುವುದನ್ನು ನಿಲ್ಲಿಸಿದರು. 2006ರ ವೇಳೆಗೆ ಮಾಂಸದಲ್ಲಿನ 62 ಕೇವಲ 7ಕ್ಕೆ ಇಳಿಯಿತು. ರೋಗಿಗಳಲ್ಲಿನ 36 ಕೇವಲ 8ಕ್ಕೆ ಇಳಿಯಿತು. ಆಸ್ಪತ್ರೆಯಲ್ಲಿ ಯಾರೂ ಹೊಸ ಮದ್ದನ್ನು ತಂದಿರಲಿಲ್ಲ; ಮೊಟ್ಟೆಯಿಂದ ಸೂಜಿಯನ್ನು ದೂರವಿಟ್ಟುದಷ್ಟೆ. 2007ರಲ್ಲಿ ಕೆಲವರು ಹಳೆಯ ಪದ್ಧತಿಗೆ ಮರಳಿದರು, ಅಂಕಿಗಳೂ ಮತ್ತೆ ಏರತೊಡಗಿದುವು. ಇಷ್ಟು ಸ್ಪಷ್ಟವಾದ ಸಾಕ್ಷ್ಯ ವಿಜ್ಞಾನದಲ್ಲಿ ಅಪರೂಪವೆಂದೇ ನನ್ನ ಅಭಿಪ್ರಾಯ. ಹೀಗಿದ್ದೂ ಕೆನಡದ ಕೋಳಿ ಉದ್ಯಮವು ರೋಗತಡೆಯ ಹೆಸರಿನಲ್ಲಿ ಈ ಬಗೆಯ ಔಷಧಗಳನ್ನು ಬಳಸುವುದನ್ನು ಕೈಬಿಟ್ಟುದು 2014ರಲ್ಲಿ!

ನಮಗೆ ಇನ್ನೂ ಹತ್ತಿರದ ಕಥೆ ಕಾಲಿಸ್ಟಿನ್ನಿನದು. ಮೂತ್ರಪಿಂಡಗಳಿಗೆ ಹಾನಿ ಮಾಡುವುದೆಂದು ವೈದ್ಯರು ಒಮ್ಮೆ ಮೂಲೆಗಿಟ್ಟಿದ್ದ ಹಳೆಯ ಮದ್ದು ಇದು. ಬೇರೆಲ್ಲ ಅಸ್ತ್ರಗಳೂ ಸೋತಾಗ ಕೊನೆಯದೆಂದು ಇದನ್ನೇ ಮತ್ತೆ ಕೈಗೆತ್ತಿಕೊಳ್ಳಬೇಕಾಯಿತು. ಮನುಷ್ಯನಿಗೆ ಕೊನೆಯದಾದ ಈ ಔಷಧವನ್ನು ಹಂದಿಗೂ ಕೋಳಿಗೂ ಮೊದಲನೆಯ ತುತ್ತಿನೊಡನೆಯೇ ಉಣಿಸುತ್ತಿದ್ದರು. 2015ರ ನವೆಂಬರಿನಲ್ಲಿ ಚೀನದ ವಿಜ್ಞಾನಿಗಳು ಪ್ರಕಟಿಸಿದ ವರದಿಯಲ್ಲಿ, ಈ ಮದ್ದನ್ನು ವ್ಯರ್ಥಗೊಳಿಸುವ ಎಂಸಿಆರ್-1 ಎಂಬ ಜೀನು 523 ಹಸಿಮಾಂಸದ ಮಾದರಿಗಳಲ್ಲಿ 78ರಲ್ಲಿ ಕಂಡುಬಂದಿತ್ತು. ಆಸ್ಪತ್ರೆಯ 1322 ರೋಗಿಗಳ ಪೈಕಿ 16 ಮಂದಿಯಲ್ಲಿಯೂ ಅದು ಇತ್ತು. ಈ ಜೀನು ಒಂದು ಅಣುಜೀವಿಯಿಂದ ಬೇರೊಂದು ಕುಲದ ಅಣುಜೀವಿಗೆ, ಕೈಯಿಂದ ಕೈಗೆ ದಾಟಿಸಿದ ಚೀಟಿಯಂತೆ, ದಾಟಬಲ್ಲುದು. ಚೀನವು 2017ರಲ್ಲಿ ಬೆಳವಣಿಗೆಗಾಗಿ ಕಾಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿತು. ಭಾರತ ಸರ್ಕಾರವು 2019ರ ಜುಲೈಯಲ್ಲಿ ಕೋಳಿ, ಮೀನು ಮೊದಲಾದ ಆಹಾರಪ್ರಾಣಿಗಳಿಗೆಂದು ಅದನ್ನು ತಯಾರಿಸುವುದನ್ನೂ ಮಾರುವುದನ್ನೂ ನಿಷೇಧಿಸಿತು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರೆಂದು ಹಾಸ್ಯ ಮಾಡಬಹುದು. ಕ್ವಿಬೆಕ್ಕಿನ ಅಂಕಿಗಳನ್ನು ನೋಡಿದವರು ಹಾಗೆ ಮಾಡಲಾರರು.

ಬೆಂಗಳೂರಿನ ಬೀದಿಯ ಅಂಗಡಿಯಲ್ಲಿ ಗಿರಾಕಿಯು ಪಂಜರದ ಕೋಳಿಯನ್ನು ಬೆರಳಿನಿಂದ ತೋರಿಸಿ, ಕಣ್ಣೆದುರೇ ಕೊಯ್ಯಿಸಿ, ತಾಜಾ ಮಾಂಸವೆಂಬ ನೆಮ್ಮದಿಯಿಂದ ಮನೆಗೆ ಒಯ್ಯುತ್ತಾನೆ. ಈ ರೋಗಾಣುಗಳ ವಿಷಯದಲ್ಲಿ ಆ ನೆಮ್ಮದಿಗೆ ಆಧಾರವಿಲ್ಲ. ಅವು ಹಳಸಿದ್ದರಿಂದ ಬಂದವಲ್ಲ, ಜೀವಂತ ಕೋಳಿಯ ಕರುಳಿನಿಂದ ಬಂದವು. ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ ಎಂಬುದು ನಿಜ. ಆದರೆ ಅದೇ ಮಣೆ, ಅದೇ ಚಾಕುವಿನಿಂದ ಸೌತೆಕಾಯಿಯನ್ನು ಹೆಚ್ಚಿದರೆ ಆ ಸೌತೆಕಾಯಿಯನ್ನು ಯಾರೂ ಬೇಯಿಸುವುದಿಲ್ಲವಷ್ಟೆ. ಮಾಂಸ ಮುಟ್ಟದವರೂ ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಸುಮ್ಮನಿರುವಂತಿಲ್ಲ. ಕೋಳಿಗೊಬ್ಬರ ತರಕಾರಿಯ ಹೊಲಕ್ಕೂ ಹೋಗುತ್ತದೆ. ಆಸ್ಪತ್ರೆಯ ಹಾಸಿಗೆಯಂತೂ ಒರಗುವವನ ಊಟದ ಪದ್ಧತಿಯನ್ನು ವಿಚಾರಿಸುವುದಿಲ್ಲ.

ಇದಕ್ಕೆ ಸಾಕಣೆಯ ರೈತನನ್ನು ದೂರುವುದು ಸುಲಭ, ಆದರೆ ಅನ್ಯಾಯ. ನಮ್ಮಲ್ಲಿ ಎಷ್ಟೋ ಕಡೆ ಮರಿಯನ್ನೂ ಮೇವನ್ನೂ ಮದ್ದನ್ನೂ ಕಂಪೆನಿಯೇ ತಂದೊಪ್ಪಿಸುತ್ತದೆ. ರೈತನದು ಕೊಟ್ಟಿಗೆ ಮತ್ತು ದುಡಿಮೆ, ಅವನಿಗೆ ಸಲ್ಲುವುದು ಕಿಲೋ ಲೆಕ್ಕದ ಕೂಲಿ. ಮೂಟೆಯಲ್ಲಿ ಏನು ಬೆರೆತಿದೆಯೆಂದು ಅವನನ್ನು ಕೇಳಿದರೆ ಅವನು ಏನೆಂದಾನು? ಕೇಳಬೇಕಾದುದು ಆ ಮೂಟೆಯನ್ನು ಹೊಲಿದು ಕಳುಹಿಸಿದವರನ್ನು. ಅಂಗಡಿಯ ಮಾಂಸವನ್ನು ವರ್ಷವರ್ಷವೂ ಕೊಂಡುತಂದು ಪರೀಕ್ಷಿಸಿ, ಅಂಕಿಗಳನ್ನು ಊರೂರಿನ ಜನರಿಗೆ ತಿಳಿಯುವಂತೆ ಪ್ರಕಟಿಸಿದರೆ ಆ ಪ್ರಶ್ನೆಯನ್ನು ಕೇಳುವವರ ಕೈಗೆ ಒಂದು ಆಧಾರ ಸಿಕ್ಕೀತು. ಕ್ವಿಬೆಕ್ಕಿನಲ್ಲಿ ಹ್ಯಾಚರಿಗಳವರು ಸೂಜಿಯನ್ನು ಕೆಳಗಿಟ್ಟುದು ಅಂಥ ಅಂಕಿಗಳು ಎದುರಿಗೆ ಬಂದಾಗಲೇ.